ಬಡಿತದ ಮಾತ್ರೆ, ಬಾಗಿಲಲ್ಲಿ ತಪಾಸಣೆ

ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಬಾಯಿಗೆ ಮುಟ್ಟಿಸಿದವನಲ್ಲ ನಾನು. ಹಾಗಿದ್ದೂ ಕೆಲಕಾಲ ನನ್ನ ಮನೆಯಲ್ಲೇ ಕುಡುಕನಾಗಿ ಬಾಳಿದೆ.

ಕೇಂದ್ರ ಸಂಸ್ಥೆಯೊಂದರ ನೌಕರಿ. ಧಾರವಾಡದವರಾದ ನಾವು ವರ್ಗವಾಗಿ ತಿರುವನಂತಪುರಕ್ಕೆ ಬಂದು ಕಳಕ್ಕೂಟಂನಲ್ಲಿ ಮನೆ ಮಾಡಿದ್ದೆವು. ಎದೆಬಡಿತ ಮನಸ್ಸಿಗೆ ಬಂದಂತೆ ಓಡತೊಡಗಿದಾಗ ಕೊಚ್ಚಿಯ ಡಾಕ್ಟರರೊಬ್ಬರಿಗೆ ತೋರಿಸಿದೆ. ಅವರು ಕೊಟ್ಟ ಮಾತ್ರೆಗೆ ಬಡಿತ ಹದಕ್ಕೆ ಬಂತು. ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದಿದ್ದರು. ಹೋದಾಗಲೆಲ್ಲ ಅಲ್ಲಿನ ವಲ್ಲಾರ್ಪಾಡಂ ಬಂದರಿನಲ್ಲಿ ಕೆಲಸಕ್ಕಿರುವ ಗೆಳೆಯನ ಮನೆಯಲ್ಲಿ ಉಳಿಯುತ್ತಿದ್ದೆ. ಅವನು ಸಂಜೆಯಾದರೆ ಬಾಟಲಿ ತೆಗೆಯುವವನು, ನಾನು ಎದುರು ಕೂತು ಅವನ ಪಾಲಿನ ಶೇಂಗಾ ಮುಗಿಸುವವನು.

ಒಂದು ಸಲದ ಪರೀಕ್ಷೆಯಲ್ಲಿ ಲಿವರ್‌ಗೆ ಪೆಟ್ಟಾಗಿದೆ ಎಂದು ಬಂತು. ಹೆಂಡತಿ ವರದಿ ನೋಡಿದಳು, ನನ್ನನ್ನು ನೋಡಿದಳು. ಲಿವರ್ ಕೆಡುವುದು ಕುಡಿದರೆ ಮಾತ್ರ ಎಂಬುದು ಅವಳ ತವರಿನ ಓಣಿಗೆಲ್ಲ ಗೊತ್ತಿದ್ದ ಸತ್ಯ.

"ಖರೇ ಹೇಳ್ರಿ, ಕೊಚ್ಚಿಗೆ ನೀವು ಹೋಗೂದು ಯಾತಕ್ಕ?"

ರೊಟ್ಟಿ ಮುಟ್ಟಿ ಆಣೆ ಮಾಡಿದೆ. ಆ ರೊಟ್ಟಿಯನ್ನೇ ಎತ್ತಿಟ್ಟು ಉಪ್ಪಿಲ್ಲದ ಗಂಜಿ ಬಡಿಸಿದಳು. ಅಂದಿನಿಂದ ಆಫೀಸು ಬಿಟ್ಟು ಬಂದರೆ ಬಾಗಿಲಲ್ಲೇ ತಡೆದು, ಬಾಯಿ ತೆರೆದು ಹಾ ಅನ್ನಿಸುವಳು. ಅವಳಿಗೆ ಸದಾ ನೆಗಡಿ, ಹಾಗಾಗಿ ವಾಸನೆ ನೋಡುವ ಅಧಿಕಾರ ಮಗಳದು. ಇಲ್ಲೇ ಬೆಳೆದ ಮಗಳು ಕನ್ನಡದ ಖಟ್ಲೆಗೆ ಮಲಯಾಳಂನಲ್ಲಿ ತೀರ್ಪು ಕೊಡುವಳು: "ಕುಡಿಚ್ಚಿಟ್ಟಿಲ್ಲ ಅಮ್ಮೇ." ಕುಡಿದಿಲ್ಲ ಎಂದು ಸಾಬೀತಾದರೂ ಊಟಕ್ಕೆ ಗಂಜಿಯೇ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡದ್ದನ್ನು ಉಣ್ಣುತ್ತಿದ್ದೆ, ಅದೂ ಉಪ್ಪಿಲ್ಲದೆ.

ಮುಂದಿನ ಸಲ ಕೊಚ್ಚಿಗೆ ಅವಳೂ ಹೊರಟಳು. ಡಾಕ್ಟರರು ಮೊದಲು ಕೇಳಿದ್ದೂ ಕುಡಿಯುತ್ತೀರಾ ಎಂದೇ. ಹೆಂಡತಿ ಕುರ್ಚಿಯ ತುದಿಗೆ ಸರಿದಳು. ಇಲ್ಲ ಅಂದೆ. ಅವರು ಉಳಿದ ಪರೀಕ್ಷೆಗಳನ್ನೆಲ್ಲ ನೋಡಿ, ಇದು ಬಡಿತದ ಮಾತ್ರೆಯದೇ ಕೆಲಸ ಎಂದರು. ಆ ಮಾತ್ರೆ ಕೆಲವರ ಲಿವರ್‌ಗೆ ಆಗಿಬರುವುದಿಲ್ಲವಂತೆ. ಆಗಾಗ ರಕ್ತ ತೆಗೆಸುತ್ತಿದ್ದದ್ದೂ ಅದಕ್ಕೇ ಅಂತೆ. ಮಾತ್ರೆ ನಿಲ್ಲಿಸಿದರು. ಲಿವರ್ ನಿಧಾನಕ್ಕೆ ಸುಧಾರಿಸೀತು, ಆದರೆ ಬಡಿತ ಮತ್ತೆ ಹದ ತಪ್ಪಿದರೆ ತಡ ಮಾಡದೆ ಬನ್ನಿ ಎಂದರು.

ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಹೊರಬಂದೆ. ತಿರುವನಂತಪುರದ ರೈಲು ಹತ್ತಿ ಕೂತ ಮೇಲೆ, ಈಗೇನನ್ನುತ್ತೀ ಎಂದು ಕೆಣಕಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು.

"ನೀವು ಕುಡೀತಿದ್ರನ ಛಲೋ ಇತ್ತು," ಅಂದಳು. "ಬೈದು ಬಿಡಸ್ತಿದ್ದೆ."

ನನ್ನ ಗೆಲುವೆಲ್ಲ ಇಳಿದುಹೋಯಿತು. ಅಲ್ಲಿಯವರೆಗೆ ನನಗೆ ಬರೀ ಸಿಟ್ಟಿತ್ತು, ಆಗ ಮೊದಲ ಸಲ ಹೆದರಿಕೆಯಾಯಿತು.

ಈಗಲೂ ಸಂಜೆ ಬಾಗಿಲಲ್ಲಿ ತಡೆಯುತ್ತಾಳೆ. ಅಭ್ಯಾಸಬಲದಿಂದ ನಾನು ಹಾ ಎಂದು ಬಾಯಿ ತೆರೆಯುತ್ತೇನೆ. ಅವಳು ಅದನ್ನು ಮುಚ್ಚಿಸಿ, ಮುಂಗೈ ಹಿಡಿದು ನಾಡಿ ನೋಡುತ್ತ ನಿಲ್ಲುತ್ತಾಳೆ. ಅವಳು ಕೈ ಬಿಟ್ಟ ಮೇಲೆಯೇ ನಾನು ಚಪ್ಪಲಿ ಕಳಚಿ ಒಳಗೆ ಹೋಗುತ್ತೇನೆ.