ಇಪ್ಪತ್ತು ಹೆಜ್ಜೆಯ ತವರು

ಮಟಕಿ ಊರಿನ ಸೂಲಗಿತ್ತಿ ಪ್ಯಾರಿಬಿ ಬಸುರಿಯ ಮನೆಗೆ ಬಂದರೆ ಕೂಡುತ್ತಿರಲಿಲ್ಲ. ನಿಂತಲ್ಲೇ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುವಳು. ಪಾದಕ್ಕೆ ಹೆಬ್ಬೆರಳು ಒತ್ತಿ, ಬಾವು ಬಂದು ಕುಣಿ ಬಿತ್ತೋ ಇಲ್ಲವೋ ಎಂದು ಪರೀಕ್ಷಿಸುವಳು. ಆಮೇಲೆ ಅಡಿಗೆಮನೆಯ ಹೊಸ್ತಿಲಾಚೆ ನಿಂತು, "ಇಕಿಗಿ ಇವತ್ತ ಏನ್ ಉಣ್ಣಾಕ ಕೊಟ್ಟೀರಿ, ತೋರಿಸ್ರಿ" ಎಂದು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆಸುವಳು. ಸೊಪ್ಪಿನ ಪಲ್ಯ ಇರದಿದ್ದರೆ ಅತ್ತೆಯ ಗ್ರಹಚಾರ ಕೆಟ್ಟಿತೆಂದೇ ತಿಳಿಯಿರಿ! ಇಷ್ಟು ಬಾಯಿ ಮಾಡಿದರೂ ಜನ ಚಿಕ್ಕಮ್ಮನೆಂಬಂತೆ 'ಖಾಲಾ' ಎನ್ನುತ್ತ ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಹಾಗಿತ್ತು.

ಆ ಬಾಯಿ ಹುಟ್ಟಿನಿಂದ ಬಂದದ್ದಲ್ಲ. ಅವಳ ತಂಗಿ ಖುರ್ಷಿದ ನಾಲ್ಕು ವರ್ಷಕ್ಕೆ ನಾಲ್ಕು ಹಡೆದು, ನಾಲ್ಕನೆಯ ಹೆರಿಗೆಯಲ್ಲಿ ಇವಳ ಕೈಯಲ್ಲೇ ಪ್ರಾಣ ಬಿಟ್ಟಳು. ಅಂದಿನಿಂದ ಪ್ಯಾರಿಬಿಗೆ ಹೆರಿಗೆ ಮಾಡಿಸುವುದು ಅರ್ಧ ಕೆಲಸ, ಅದರ ಬೆನ್ನಿಗೇ ಇನ್ನೊಂದು ಬಸಿರು ನಿಲ್ಲದಂತೆ ನೋಡಿಕೊಳ್ಳುವುದು ಉಳಿದರ್ಧ.

ಸಾವಿರದ ಒಂಬೈನೂರಾ ನಲವತ್ತೇಳರ ಬೇಸಿಗೆಯಲ್ಲಿ ಅವಳು ಒಕ್ಕಲಿಗ ಚಂದ್ರಾಮನ ಹೆಂಡತಿ ಕಾಶಿಬಾಯಿಯ ರೆಪ್ಪೆ ಜಗ್ಗಿ ನೋಡಿದಳು. ಸುಣ್ಣ ಬಳಿದಂತೆ ಬಿಳಿಚಿತ್ತು. ಮೂರು ವರ್ಷದಲ್ಲಿ ಇದು ಮೂರನೆಯ ಬಸಿರು. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ ಕಾಶಿ ಬದುಕಿದ್ದೇ ಹೆಚ್ಚು. ಪ್ಯಾರಿಬಿ ಚಂದ್ರಾಮನನ್ನು ಅಂಗಳಕ್ಕೆ ಕರೆದಳು.

"ಚಂದ್ರಾಮ, ಈ ಕೂಸು ನಾ ಹ್ಯಾಂಗರ ದಕ್ಕಿಸಿ ಕೊಡ್ತೇನಿ. ಬೆನ್ನಿಗೇ ಮತ್ತೊಂದು ಆತಂದ್ರ ಕಾಶಿ ಉಳಿಯಂಗಿಲ್ಲ. ಕೂಸು ತನ್ನ ಕಾಲ ಮ್ಯಾಲ ನಡಿಯೋತನಕ ಇಕಿ ತವರಮನ್ಯಾಗ ಇರಬೇಕು. ಮಾತು ಕೊಡು, ಈಗೇ ಕೊಡು. ಹಡದ ಮ್ಯಾಲ ನಿಮ್ಮ ಬುದ್ಧಿ ಎಲ್ಲಿರ್ತದೋ ಯಾರಿಗಿ ಗೊತ್ತು!"

"ಮೊಲಿ ಕುಡಿಸಿದ್ರ ಬಸರಾಗಂಗಿಲ್ಲ ಅಂತಾರಲ್ಲ, ಖಾಲಾ?"

"ಹಂಗಂತ ನಂಬಿ ಕುಂತವರ ಹೆರಿಗಿ ನಾನೇ ಮಾಡಿಸೇನಿ. ಕುಡಿಸೋದು ಕುಡಿಸಲಿ, ನೀ ದೂರ ಇರು."

ಕಿವಿ ಕೆಂಪಗೆ ಮಾಡಿಕೊಂಡು ಚಂದ್ರಾಮ ಮಾತು ಕೊಟ್ಟ. ಆದರೆ ಶ್ರಾವಣದ ಹೊತ್ತಿಗೆ ಕೆಲಸ ಕೆಟ್ಟಿತು. ಕಾಶಿಬಾಯಿಯ ತವರು ಗಡಿಯಾಚೆ, ಅಕ್ಕಲಕೋಟೆಯ ಕಡೆ. ಅದು ಈಗ ಸ್ವತಂತ್ರ ಭಾರತ, ಇದು ಇನ್ನೂ ನಿಜಾಮನ ರಾಜ್ಯ. ನಡುವೆ ರಜಾಕಾರರ ಹಾವಳಿ ಬೇರೆ. ತುಂಬಿದ ಬಸುರಿಯನ್ನು ಕೂರಿಸಿ ಬಂಡಿ ಕಟ್ಟುವ ಧೈರ್ಯ ಯಾರಿಗಿತ್ತು?

ಪ್ಯಾರಿಬಿ ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ಚಂದ್ರಾಮನ ತಾಯಿ ಬಾಳಮ್ಮನ ಎದುರು ಬಂದು ಕೂತಳು. ಕೂತಳೆಂದರೆ ದೊಡ್ಡ ಮಾತೇ ಇರಬೇಕು.

"ಅಕ್ಕಾ, ನಿನಗ ನಾಕು ಗಂಡುಮಕ್ಕಳು. ಹೆಣ್ಣುಮಗಳ ಬಾಣಂತನ ಮಾಡೀಯೇನ?"

"ದೇವರು ಹೆಣ್ಣು ಕೊಟ್ಟಿದ್ರ ಮಾಡ್ತಿದ್ದಿಲ್ಲೇನ?"

"ಈಗ ಕೊಡಾಕತ್ತಾನ, ತಗೋ. ಅಂಗಳದಾಚೆಗಿನ ಹಿತ್ತಲ ಕೋಣಿ ಇವತ್ತಿಂದ ಕಾಶಿಯ ತವರಮನಿ. ನೀ ಅವ್ವ. ಚಂದ್ರಾಮ ಈ ಮನಿ ಅಳಿಯ."

"ಹುಚ್ಚ ಹಿಡದದೇನ ನಿನಗ?" ಎಂದು ಬಾಳಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ನಿಂತ ಮೇಲೆ ಎದ್ದು ಹೋಗಿ ಆ ಕೋಣೆಗೆ ಸೆಗಣಿ ಸಾರಿಸಿದಳು.

ದಸರೆಗೆ ಹೆಣ್ಣುಕೂಸು ಹುಟ್ಟಿತು, ರೇವಮ್ಮ ಎಂದು ಹೆಸರಿಟ್ಟರು. ತಾಯಿ ಮಗು ಇಬ್ಬರೂ ಗಟ್ಟಿಯಾಗಿ ಉಳಿದರು. ಇನ್ನು ಬಾಳಮ್ಮನ ದರ್ಬಾರು ಕೇಳಬೇಕೇ! ಸೊಸೆ ಒಂದು ರೊಟ್ಟಿ ಕಡಿಮೆ ತಿಂದರೆ ಇವಳು ಊಟ ಬಿಡುತ್ತಿದ್ದಳು. ಕಾಶಿಯ ದೊಡ್ಡ ಮಕ್ಕಳಿಬ್ಬರನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡು ಕೋಣೆಯ ಬಾಗಿಲಿಗೆ ಅಡ್ಡ ಹಾಸಿಗೆ ಹಾಕುತ್ತಿದ್ದಳು. ಕೂಸನ್ನು ನೋಡಬೇಕೆಂದರೆ ಚಂದ್ರಾಮ ಅಂಗಳದಲ್ಲಿ ನಿಂತು ಕೆಮ್ಮಬೇಕು.

"ಬರ್ರಿ ಅಳಿಯಂದ್ರ, ಚಹಾ ಕುಡೀರಿ. ರಾತ್ರಿ ವಸ್ತಿ ಇರಾಕ ಮಾತ್ರ ಜಾಗ ಇಲ್ರಿ."

"ಯವ್ವಾ, ಇದು ನಂದೇ ಮನಿ!"

"ನಿಮ್ಮನಿ ಅಲ್ಲಿ ಅದರಿ, ಮುಂದಿನ ಪಡಸಾಲಿ."

ಓಣಿಯವರು ಅವನನ್ನು 'ಅಳಿಯಪ್ಪ' ಎಂದೇ ಕರೆಯತೊಡಗಿದರು. ಅವನೂ ಪಾಪ, ಬರುವಾಗ ಬತ್ತಾಸು ಕಟ್ಟಿಸಿಕೊಂಡು ಬರುವುದನ್ನು ಕಲಿತ. ಮರುವರ್ಷ ನಿಜಾಮನ ಆಳ್ವಿಕೆ ಮುಗಿದು ಗಡಿ ತೆರೆದಾಗ ಕಾಶಿಬಾಯಿಯ ಅಣ್ಣ ಬಂಡಿ ತಂದ. "ನನ್ನ ಮಗಳು ತವರಮನ್ಯಾಗೇ ಅದಾಳ" ಎಂದು ಬಾಳಮ್ಮ ಅವನಿಗೆ ಹೋಳಿಗೆ ಉಣ್ಣಿಸಿ ಬರಿಗೈಯಲ್ಲಿ ಕಳಿಸಿದಳು.

ದೀಪಾವಳಿ ಬಂತು. ರೇವಮ್ಮನಿಗೆ ಹದಿಮೂರನೆಯ ತಿಂಗಳು ಬಿದ್ದರೂ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಪ್ಯಾರಿಬಿ ಬಂದಾಗಲೆಲ್ಲ ಕೂಸು ಬಾಳಮ್ಮನ ಸೊಂಟದ ಮೇಲೆ. "ಇನ್ನಾ ಎಲ್ಲಿ ನಡೀತದ, ಎಳೀ ಕಾಲು" ಎಂದು ಬಾಳಮ್ಮ ಹೇಳುವಳು. ಕಾಲಲ್ಲಿ ಬಲವೇ ಇಲ್ಲವೇನೋ ಎಂದು ಪ್ಯಾರಿಬಿಗೆ ಗಾಬರಿಯಾಯಿತು. ಎಣ್ಣೆ ಹಚ್ಚಲೆಂದು ಒಂದು ದಿನ ಕೂಸನ್ನು ಕಸಿದುಕೊಂಡು ನೆಲಕ್ಕಿಳಿಸಿದಳು. ಕೂಸು ಕೇಕೆ ಹಾಕುತ್ತ ಅಂಗಳದ ತುದಿಯವರೆಗೆ ಓಡಿತು!

"ಎಷ್ಟು ದಿನ ಆತು ಇದು ನಡಿಯಾಕತ್ತಿ?"

ಬಾಳಮ್ಮ ಕಳ್ಳಿಯ ಹಾಗೆ ನೆಲ ನೋಡಿದಳು. "ಹದಿನೈದು ದಿನ."

"ಮತ್ಯಾಕ ಮುಚ್ಚಿಟ್ಟಿ?"

"ಕಳಿಸಿದ ಮ್ಯಾಲ ಆಕಿ ಮತ್ತ ಸೊಸಿ ಆಗ್ತಾಳ, ಪ್ಯಾರಿಬಿ. ಒಂದ ವರ್ಷ ಮಗಳಿದ್ಳು ನನಗ."

ಪ್ಯಾರಿಬಿ ಕಾಶಿಬಾಯಿಯನ್ನು ಕರೆದು ರೆಪ್ಪೆ ಜಗ್ಗಿ ನೋಡಿದಳು. ಒಳಗೆ ಕೆಂಪು ತುಂಬಿತ್ತು. ಖುರ್ಷಿದ ನೆನಪಾಗಿ ಕಣ್ಣು ಒರೆಸಿಕೊಂಡಳು.

ಶುಕ್ರವಾರ ಚಂದ್ರಾಮ ಹೊಸ ರುಮಾಲು ಸುತ್ತಿ ಹೆಂಡತಿಯನ್ನು ಕರೆಯಲು ಬಂದ. ಬಾಳಮ್ಮ ಹಸಿರು ಸೀರೆ ಉಡಿಸಿ, ಕೊಬ್ಬರಿ ಬಟ್ಟಲು, ಅಕ್ಕಿ, ಬೆಲ್ಲದಿಂದ ಉಡಿ ತುಂಬಿದಳು. "ಇನ್ನೂ ಒಂದು ವರ್ಷ ಅಕಡೀಗೊಂದು ಹಾಸಿಗಿ, ಇಕಡೀಗೊಂದು ಹಾಸಿಗಿ, ನಡುವ ಮೂರು ಮಕ್ಕಳು. ತಿಳೀತಿಲ್ಲೋ?" ಎಂದು ಪ್ಯಾರಿಬಿ ಚಂದ್ರಾಮನ ಕಿವಿ ಹಿಂಡಿದಳು.

"ತಿಳೀತ್ರಿ, ಖಾಲಾ. ಕೆಮ್ಮಿ ಕೆಮ್ಮಿ ರೂಢಿ ಆಗ್ಯದ."

ಹಿತ್ತಲ ಕೋಣೆಯಿಂದ ಪಡಸಾಲೆಗೆ ಇಪ್ಪತ್ತು ಹೆಜ್ಜೆ. ಅಷ್ಟು ದೂರಕ್ಕೆ ಅತ್ತೆ ಸೊಸೆ ಅತ್ತದ್ದನ್ನು ನೋಡಲು ಓಣಿಯೇ ನೆರೆದಿತ್ತು. ಪಡಸಾಲೆಯ ಮೆಟ್ಟಿಲೇರಿದ ಕಾಶಿಬಾಯಿ ತಿರುಗಿ ನಿಂತಳು. ಅಲ್ಲಿಯವರೆಗೆ ಅವಳ ಬಾಯಲ್ಲಿ ಬರುತ್ತಿದ್ದದ್ದು 'ಅತ್ತಿ' ಎಂದೇ.

"ಅವ್ವಾ, ನಾಗರ ಪಂಚಮಿಗಿ ತವರಿಗಿ ಕರೀಲಾಕ ಬರ್ತಿ ಹೌದಿಲ್ಲ?"

"ಬರ್ತೇನಿ, ಮಗಳ," ಎಂದಳು ಬಾಳಮ್ಮ. "ಬಂಡಿ ಕಟ್ಟಿಸ್ಕೊಂಡೇ ಬರ್ತೇನಿ."