ನೀರಿನಾಚೆ ಒಂಬತ್ತು ಮಂದಿ

2023ರ ಫೆಬ್ರವರಿ. ಬನಹಟ್ಟಿಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕ, ಹತ್ತನೆಯ ತರಗತಿ ‘ಬಿ’ ವಿಭಾಗದ ವರ್ಗಶಿಕ್ಷಕ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಜನಗಣತಿ, ಚುನಾವಣೆ, ಬಿಸಿಯೂಟದ ಉಸ್ತುವಾರಿ ಎಲ್ಲ ಮಾಡಿದವನು. ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಆದರೆ ಹೆದರಿಕೆ ಎಂಬುದರ ನಿಜವಾದ ಪರಿಚಯ ನನಗಾದದ್ದು ಆ ತಿಂಗಳ ಒಂದು ಶನಿವಾರ, ಘಟಪ್ರಭಾ ನದಿಯ ದಂಡೆಯಲ್ಲಿ.

ಆ ವರ್ಗದಲ್ಲಿ ಮೂವತ್ತೆಂಟು ಮಕ್ಕಳು. ಮುಕ್ಕಾಲು ಪಾಲು ನೇಕಾರರ ಮನೆಯವರು, ಉಳಿದವರು ಸುತ್ತಲಿನ ಕಬ್ಬು ಬೆಳೆಯುವವರ ಮಕ್ಕಳು. ಇವರ ಎಂಟನೆಯ ತರಗತಿ ಕೊರೊನಾದ ವರ್ಷ. ಶಾಲೆಗೆ ಬೀಗ. ಪಾಠ ಮೊಬೈಲಿನಲ್ಲಿ, ಮೊಬೈಲು ಅಪ್ಪನ ಕಿಸೆಯಲ್ಲಿ, ಅಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ. ಹಾಗಾಗಿ ಬಹಳಷ್ಟು ಮಕ್ಕಳು ಆ ವರ್ಷವನ್ನು ವಿದ್ಯುತ್ ಮಗ್ಗಗಳ ನಡುವೆಯೇ ಕಳೆದರು. ಮೂರು ವರ್ಷ ಕೂಡಿ ಓದಿದೆವು ಎಂದು ಇವರು ಹೇಳಿದರೂ ಒಂದೇ ಕೋಣೆಯಲ್ಲಿ ಕೂತದ್ದು ಎರಡೇ ವರ್ಷ. ಬೀಳ್ಕೊಡುಗೆಯ ಮಾತು ಬಂದಾಗ ಅವರು ಹಾರ, ಶಾಲು, ಭಾಷಣ ಯಾವುದೂ ಬೇಡವೆಂದರು. ಹೊಳೆಯ ದಂಡೆಗೆ ಹೋಗಿ, ಬುತ್ತಿ ಉಂಡು, ಒಬ್ಬೊಬ್ಬರೂ ಒಂದೊಂದು ನೆನಪು ಹೇಳಬೇಕು ಎಂದರು. ನನಗೂ ಹಿಗ್ಗಾಯಿತು. ಮುಖ್ಯೋಪಾಧ್ಯಾಯರ ಮುಂದೆ ನಿಂತು ಅನುಮತಿ ಪಡೆದವನು ನಾನೇ.

ತಪ್ಪು ಮಾಡಿದವನೂ ನಾನೇ. ಬೇಸಿಗೆ ಹತ್ತಿರವಾದಾಗ ಕೆಳಗಿನ ಊರುಗಳ ಕುಡಿಯುವ ನೀರಿಗಾಗಿ ಮೇಲಿನ ಅಣೆಕಟ್ಟಿನಿಂದ ನದಿಗೆ ನೀರು ಬಿಡುತ್ತಾರೆ. ಹಿಂದಿನ ದಿನವೇ ದಂಡೆಯ ಹಳ್ಳಿಗಳಲ್ಲಿ ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗಿ ತಿಳಿಸುತ್ತಾರೆ. ಆ ಸಲವೂ ತಿಳಿಸಿದ್ದರು. ನಾನು ಬನಹಟ್ಟಿಯಲ್ಲಿದ್ದೆ, ನಾವು ಹೋಗಲಿದ್ದ ದಂಡೆಯ ಹಳ್ಳಿಯಲ್ಲಿ ಯಾರನ್ನೂ ಕೇಳಲಿಲ್ಲ. ದಂಡೆಯಲ್ಲಿ ನೀರು ಏಕಾಏಕಿ ಏರಬಹುದೆಂಬ ಎಚ್ಚರಿಕೆಯ ಫಲಕವಿತ್ತು, ಅದನ್ನು ಓದಿದೆ ಕೂಡ. ಮಳೆಗಾಲದ ಮಾತು ಇದು ಎಂದುಕೊಂಡು ಮುಂದೆ ನಡೆದೆ. ಒಂದು ಫೋನು ಮಾಡಿದ್ದರೆ ಸಾಕಿತ್ತು.

ಹನ್ನೊಂದು ಗಂಟೆಗೆ ತಲುಪಿದೆವು. ನದಿಯ ನಡುವೆ ನಮ್ಮ ಶಾಲೆಯ ಎರಡು ಕೋಣೆಗಳಷ್ಟು ಅಗಲದ ಬಂಡೆ, ಅದರ ಆಚೆ ಈಚೆ ಪಾದ ಮುಳುಗುವಷ್ಟು ನೀರು. ಎಲ್ಲರೂ ದಾಟಿ ಬಂಡೆಯ ಮೇಲೆ ಕೂತೆವು. ರೇಖಾ ಎಂಬ ನೇಕಾರರ ಹುಡುಗಿ, ಒಂದೇ ಮೊಬೈಲಿಗಾಗಿ ತಮ್ಮನ ಜೊತೆ ಜಗಳಾಡಿ ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ಕಥೆ ಹೇಳಿದಳು. ಮಲ್ಲು ಎಂಬ ರೈತರ ಹುಡುಗ, ಕಾಲುವೆಯಲ್ಲಿ ಈಜಿ ಬೆಳೆದ ಗಟ್ಟಿಗ, ನಾನು ಬೋರ್ಡಿನ ಮೇಲೆ ತಪ್ಪು ಲೆಕ್ಕ ಬಿಡಿಸಿ, ಅದು ಗೊತ್ತಾದ ಮೇಲೆ ‘ನೀವು ಕಂಡುಹಿಡಿಯಲಿ ಅಂತ ಬೇಕಂತಲೇ ಮಾಡಿದೆ’ ಎಂದದ್ದನ್ನು ನನ್ನದೇ ಧ್ವನಿಯಲ್ಲಿ ಆಡಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಸ್ವಲ್ಪ ಕಡಿಮೆ.

ಒಂದೂವರೆಗೆ ಊಟಕ್ಕೆ ಕರೆದೆ. ಹತ್ತೊಂಬತ್ತು ನೆನಪು ಮುಗಿದಿದ್ದವು, ಅರ್ಧ ಬಾಕಿ. ಇಪ್ಪತ್ತೊಂಬತ್ತು ಮಕ್ಕಳು ನನ್ನೊಡನೆ ದಂಡೆಗೆ ಬಂದರು. ಒಂಬತ್ತು ಮಂದಿ ಚಾಕ್‌ಪೀಸಿನಿಂದ ಬಂಡೆಯ ಮೇಲೆ ಎಲ್ಲರ ಹೆಸರು ಬರೆದು ಬರುತ್ತೇವೆಂದು ಅಲ್ಲೇ ಉಳಿದರು. ಮಲ್ಲು ಅವರಲ್ಲಿದ್ದ, ರೇಖಾಳ ಓಣಿಯ ಇರ್ಫಾನನೂ ಇದ್ದ. ನಾವು ರೊಟ್ಟಿಯ ಗಂಟು ಬಿಚ್ಚಿದ್ದೆವು ಅಷ್ಟೆ. ಮೇಲಿನ ದಡದಿಂದ ಕುರಿ ಕಾಯುವ ಮುದುಕ ಕೈ ಬೀಸುತ್ತ ಓಡಿ ಬಂದ.

“ಯಾರ ಹುಡ್ರಲೇ ಅವು? ನೀರ ಬಿಟ್ಟಾರ, ಹೊರಗ ಕರೀರಿ!”

ತಿರುಗಿ ನೋಡುವುದರೊಳಗೆ ನೀರಿನ ಬಣ್ಣ ಕೆಂಪಾಗಿತ್ತು. ನಾನು ಓಡಿ ಇಳಿದೆ. ಮೂರು ಹೆಜ್ಜೆಗೆ ಮೊಣಕಾಲು, ಐದನೆಯದಕ್ಕೆ ಸೊಂಟ. ಸೆಳೆತಕ್ಕೆ ಕಾಲು ಕಿತ್ತುಬಂತು. ಮುದುಕ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದ. ಎದ್ದು ನಿಂತಾಗ ನಮಗೂ ಬಂಡೆಗೂ ನಡುವೆ ಇಪ್ಪತ್ತು ಮಾರು ನೀರು ಮೊರೆಯುತ್ತಿತ್ತು.

ನಾನು ಕೂಗಿದೆ. ಕಲ್ಲಿಗೆ ಬಡಿಯುವ ನೀರಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಆಚೆ ಒಂಬತ್ತು ಬಾಯಿ ತೆರೆದು ಮುಚ್ಚುವುದು ಮಾತ್ರ ಕಾಣುತ್ತಿತ್ತು. ಮಲ್ಲು ಅಂಗಿ ಬಿಚ್ಚಿ ಅಂಚಿಗೆ ಬಂದಿದ್ದ. ಕಾಲುವೆಯ ಈಜು ಈ ಪ್ರವಾಹಕ್ಕೆ ನಡೆಯದು. ಅವನು ಜಿಗಿದರೆ ಮತ್ತೆ ಇಬ್ಬರು ಮೂವರು ಜಿಗಿಯುತ್ತಾರೆ. ದಂಡೆಯ ಚೀಲದಲ್ಲಿದ್ದ ಫೋನು ತೆಗೆದು ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸಿದೆ. ಕೆಳಗಿನ ಊರಿನ ಮೀನುಗಾರರ ಹತ್ತಿರ ದೋಣಿ ಇದೆ ಎಂದು ಮುದುಕ, ಜೊತೆಗೆ ಬಂದಿದ್ದ ತನ್ನ ಮೊಮ್ಮಗನನ್ನು ಬೈಕಿನಲ್ಲಿ ಓಡಿಸಿದ.

ಅಷ್ಟರಲ್ಲಿ ರೇಖಾ ನೀರಿನ ಅಂಚಿಗೆ ಹೋಗಿ ಎರಡೂ ಕೈ ತಲೆಯ ಮೇಲೆತ್ತಿ ಬೆರಳು ಮಡಚಿ ಬಿಚ್ಚತೊಡಗಿದ್ದಳು. ಆಚೆಯಿಂದ ಇರ್ಫಾನ ಹಾಗೆಯೇ ಕೈ ಆಡಿಸಿದ.

“ಏನದು?” ಎಂದೆ.

“ಮಗ್ಗದ ಕೈಸನ್ನಿ ರಿ ಸರ್. ಶೆಡ್ಡಿನ್ಯಾಗ ಯಾರ ಮಾತ ಯಾರಿಗಿ ಕೇಳ್ತೈತ್ರಿ? ಎಲ್ಲಾ ಕೈಲೇ ಹೇಳೂದು.”

ಎಳೆ ಹರಿಯಿತು, ಮಗ್ಗ ನಿಲ್ಲಿಸು, ಹಿಡಿದುಕೋ, ಬಿಡು, ಇಷ್ಟು ಉಳಿದಿದೆ ಎಂಬುದಕ್ಕೆಲ್ಲ ಒಂದೊಂದು ಕೈ. ಬೀಗ ಬಿದ್ದ ವರ್ಷ ಕಲಿತದ್ದನ್ನು ಇವರು ಎರಡು ವರ್ಷ ನನ್ನ ಬೆನ್ನ ಹಿಂದೆ ವರ್ಗದಲ್ಲೂ ನಡೆಸಿದ್ದರು. ನಾನು ಅದನ್ನು ತುಂಟತನವೆಂದು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಇರ್ಫಾನ ಹೇಳಿದ್ದನ್ನು ರೇಖಾ ನನಗೆ ತಿಳಿಸಿದಳು: ಬಂಡೆಯ ಮೇಲೆ ಅಂಚಿನಿಂದ ನೆತ್ತಿಯವರೆಗೆ ಹೆಸರುಗಳ ಎಂಟು ಸಾಲು ಬರೆದಿದ್ದರು, ಎರಡು ಸಾಲು ಆಗಲೇ ನೀರಿನೊಳಗೆ ಹೋಗಿದ್ದವು.

ನಾನು ರೇಖಾಳ ಭುಜ ಹಿಡಿದೆ. “ದೋಣಿ ಬಂದೈತಿ ಅಂತ ಹೇಳು. ದಂಡಿಗಿ ಬಂದೈತಿ ಅನ್ನು.”

“ಬಂದಿಲ್ಲಲ್ರಿ ಸರ್.”

“ಧೈರ್ಯ ಬರ್ಲಿ ಅಂತ ಹೇಳವ್ವಾ!”

ಅವಳು ಅಳುತ್ತಿದ್ದಳು, ಆದರೆ ತಲೆ ಅಲ್ಲಾಡಿಸಿದಳು. “ಇಲ್ರಿ. ಕೈಲೇ ಸುಳ್ಳ ಹೇಳಬಾರದ್ರಿ. ಮಗ್ಗ ನಿಂತೈತಿ ಅಂತ ಸುಳ್ಳ ಕೈ ಮಾಡಿದ್ರ ಅಪ್ಪನ ಬೆರಳ ಹೋಗ್ತಾವ್ರಿ.”

ನನಗೆ ಸಿಟ್ಟು ಬಂತು, ನಿಜ. ಒಂಬತ್ತು ಜೀವ ಅಲ್ಲಿರುವಾಗ ಈ ಹುಡುಗಿ ನನಗೆ ಪಾಠ ಹೇಳುತ್ತಿದ್ದಾಳಲ್ಲ ಎಂದು. ಅವಳು ನನ್ನ ಕೈ ಬಿಡಿಸಿಕೊಂಡು, ದೋಣಿಗೆ ಹುಟ್ಟು ಹಾಕುವಂತೆ ಕೈ ಆಡಿಸಿ, ನಿಧಾನವಾಗಿ ಸನ್ನೆ ಮಾಡಿದಳು. ದೋಣಿ ಬಂದಿಲ್ಲ. ಕರೆಯಲು ಹೋಗಿದ್ದಾರೆ. ನೀರು ಇನ್ನೂ ಏರುತ್ತದೆ. ಕೂತುಕೊಳ್ಳಿ, ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ. ಇರ್ಫಾನ ಉಳಿದವರಿಗೆ ತಿಳಿಸಿದ. ಮಲ್ಲು ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತಿದ್ದು ಹಿಂದೆ ಸರಿದು ಕೂತ. ಅವನು ಕೂತ ಮೇಲೆ ನಾನೂ ಮರಳಿನಲ್ಲಿ ಕೂತೆ.

ಒಂದು ಗಂಟೆ ಐವತ್ತು ನಿಮಿಷ ಕಾದೆವು. ಸುಮ್ಮನೆ ಬಿಟ್ಟರೆ ಅವರು ನೀರನ್ನೇ ನೋಡುತ್ತಾರೆ, ಬಾಕಿ ಉಳಿದ ನೆನಪು ಹೇಳಿ ಮುಗಿಸೋಣ ಎಂದವಳೂ ರೇಖಾಳೇ. ದಂಡೆಯ ಮಕ್ಕಳು ಅಳುತ್ತಲೇ ಒಬ್ಬೊಬ್ಬರಾಗಿ ಅವಳಿಗೆ ಹೇಳಿದರು, ಅವಳು ಅದನ್ನು ಕೈಯಲ್ಲಿ ಆಚೆ ದಾಟಿಸಿದಳು. ಮಗ್ಗದ ಸನ್ನೆಯಲ್ಲಿ ಶಾಲೆಗೆ ಶಬ್ದಗಳಿಲ್ಲ. ಗಂಟೆ ಬಾರಿಸಿತು ಎನ್ನಲು ಕರೆಂಟು ಹೋಯಿತು ಎಂದರು. ನಾನು ಬಂದೆ ಎನ್ನಲು ಮೀಸೆ ತಿರುವಿ ಮಾಲಕ ಬಂದ ಎಂದರು. ನನಗೆ ಮೀಸೆಯೇ ಇಲ್ಲ. ಆಚೆ ಒಂದಿಬ್ಬರು ನಕ್ಕದ್ದು ಕಂಡಿತು. ನಡುನಡುವೆ ಇರ್ಫಾನ ಬೆರಳು ಎತ್ತುತ್ತಿದ್ದ. ನಾಲ್ಕು ಸಾಲು ಉಳಿದಿದೆ. ಮೂರು. ಎರಡು. ನಾನು ಒಳಗೊಳಗೇ ದೇವರ ಹೆಸರೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡು ಸಾಲಿಗೆ ನೀರು ನಿಂತಿತು.

ಮೀನುಗಾರರ ದೋಣಿಗೆ ಅಗ್ನಿಶಾಮಕ ಸಿಬ್ಬಂದಿ ಹಗ್ಗ ಕಟ್ಟಿ ಮೂರು ಸರತಿಯಲ್ಲಿ ಒಂಬತ್ತೂ ಮಕ್ಕಳನ್ನು ತಂದರು. ಕೊನೆಯ ಸರತಿಯಲ್ಲಿ ಮಲ್ಲು ಬಂದ. ಅವನನ್ನು ತಬ್ಬಿಕೊಂಡು ಯಾಕೆ ಜಿಗಿಯಲಿಲ್ಲ ಎಂದು ಕೇಳಿದೆ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

“ದೋಣಿ ಬಂದಿಲ್ಲ ಅಂದ್ಲಲ್ರಿ, ಅದಕ್ಕ ಕುಂತೆ. ಬಂತು ಅಂದಿದ್ರ, ಎಲ್ಲಿ ಕಾಣವಲ್ದಲ್ಲ, ಸುಳ್ಳ ಹೇಳಿ ಸಮಾಧಾನ ಮಾಡಾಕತ್ತಾರ, ಕತಿ ಮುಗೀತು ಅಂತ ಜಿಗದ ಬಿಡ್ತಿದ್ದೆ.”

ಸೋಮವಾರ ಪಾಲಕರ ಸಭೆ. ನೀರು ಹಠಾತ್ತಾಗಿ ಬಂತು ಎಂದು ಬರೆದರೆ ಸಾಕು, ಯಾರೂ ಕೇಳುವುದಿಲ್ಲ ಎಂದು ಹಿತೈಷಿಗಳು ಸೂಚಿಸಿದರು. ಬರೆಯಲು ಕೂತಿದ್ದೆ ಕೂಡ. ಆಗಲಿಲ್ಲ. ಫಲಕ ಓದಿಯೂ ಲಕ್ಷಿಸಲಿಲ್ಲ, ಊರಿನವರನ್ನು ವಿಚಾರಿಸಲಿಲ್ಲ ಎಂದು ವರದಿಯಲ್ಲಿ ಬರೆದೆ, ಪಾಲಕರ ಎದುರಿಗೂ ಅದನ್ನೇ ಹೇಳಿದೆ. ಇರ್ಫಾನನ ತಾಯಿ ಎಲ್ಲರೆದುರು ನನ್ನನ್ನು ಬೈದರು. ಅದು ನನಗೆ ಸಲ್ಲಬೇಕಾದದ್ದೇ. ಇಲಾಖೆಯ ನೋಟಿಸೂ ಬಂತು. ಇಂದಿಗೂ ಮನೆಯ ಟ್ಯಾಂಕು ತುಂಬಿ ನೀರು ಹರಿಯುವ ಸದ್ದಿಗೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ.

ಹೆದರಿದ ಮಗುವಿಗೆ ಸಿಹಿ ಸುಳ್ಳು ಹೇಳುವುದೇ ಶಿಕ್ಷಕನ ದಯೆ ಎಂದು ನಾನು ಮೂವತ್ತೊಂದು ವರ್ಷ ನಂಬಿದ್ದೆ. ಮಕ್ಕಳು ಅದನ್ನು ನಂಬುತ್ತಿರಲಿಲ್ಲ, ನನ್ನ ಮುಖ ನೋಡಿ ಮತ್ತಷ್ಟು ಹೆದರುತ್ತಿದ್ದರು ಎಂಬುದು ಗೊತ್ತಾಗಲು ಇಷ್ಟು ಕಾಲ ಹಿಡಿಯಿತು.

ಗಣಿತ ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಗೇಟಿನಲ್ಲಿ ನಿಂತಿದ್ದೆ. ಮಲ್ಲು ಬಂದ. ಮುಖ ಬಿಳಿಚಿಕೊಂಡಿತ್ತು. “ಸರ್, ಪೇಪರ್ ಸರಳ ಇರ್ತೈತಿ, ಹೌದಿಲ್ರಿ?”

ಸರಳ ಇರುತ್ತದೆ, ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಗೊತ್ತಿಲ್ಲೋ ಮಲ್ಲು. ಬಿರುಸು ಇದ್ರೂ ಇರಬಹುದು,” ಎಂದೆ.

ಅವನು ಪೆನ್ನು ಕಿಸೆಗೆ ಸಿಕ್ಕಿಸಿಕೊಂಡ. “ಹಂಗಾದ್ರ ಗಡಿಬಿಡಿ ಮಾಡಂಗಿಲ್ರಿ. ಮೊದಲ ಪೂರ್ತಿ ಓದ್ತೇನಿ,” ಎಂದು ಒಳಗೆ ಹೋದ.