ಹೊಸೆಯದೆ ಉಳಿದ ಹಾಸು

ಅನ್ನದ ಗಂಜಿ ಬಸಿಯುವ ವಾಸನೆ ಮೂಗಿಗೆ ಬಿದ್ದರೆ ನನ್ನ ಬೆರಳ ತುದಿಗಳು ಈಗಲೂ ಉರಿಯುತ್ತವೆ. ಹೋದ ತಿಂಗಳು ಮುಂಡರಗಿಯಲ್ಲಿ ಸಂಘದ ಹೆಣ್ಣುಮಕ್ಕಳಿಗೆಂದು ಒಂದು ತರಬೇತಿ ಇಟ್ಟಿದ್ದರು. ನಮ್ಮ ಕಡೆಯ ಕಸುಬುಗಳು ಯಾವುವು, ಅವುಗಳಿಂದ ಯಾವ ಉದ್ಯೋಗ ಹೂಡಬಹುದು ಎಂದೆಲ್ಲ ತಿಳಿಸುವುದು. ಹಿಂದಿನ ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದರು, ಮುಂದೆ ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ಉತ್ಸಾಹದಿಂದ, “ಕೈಮಗ್ಗಕ್ಕ ಈಗ ಭಾಳ ಬೇಡಿಕಿ ಐತ್ರಿ. ಮನ್ಯಾಗ ಕುಂತ ಮಾಡೂ ಕೆಲಸ” ಎನ್ನುತ್ತಿದ್ದಳು. ಬೇಡಿಕೆ ಬಂದಿದೆಯಂತೆ! ಬರಲಿ ತಾಯಿ, ಬರಲಿ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕೂತಿದ್ದೆ, ಅಷ್ಟೇ. ಗಂಜಿಯ ವಾಸನೆ ನನ್ನನ್ನು ಬೆಟಗೇರಿಯ ನಮ್ಮ ಹಳೆಯ ಮನೆಯ ಮುಂದಿನ ಕೋಣೆಗೆ ಎಳೆದುಕೊಂಡು ಹೋಗಿತ್ತು.

ಆ ಕೋಣೆಯ ತುಂಬ ಇದ್ದದ್ದು ಒಂದೇ ಒಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ರಸ್ತೆಯ ಕಿಟಕಿಯ ಬೆಳಕಿಗೆ ಎಡಮಗ್ಗುಲಾಗಿ ನೀಲವ್ವತ್ತೆ ಕೂತಿರುತ್ತಿದ್ದಳು. ಅಪ್ಪನ ಅಕ್ಕ ಅವಳು. ಶಿರಹಟ್ಟಿಗೆ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಬಂದ ಎರಡೇ ವರ್ಷಕ್ಕೆ ಅಜ್ಜನೂ ಹೋದ. ಅಜ್ಜನ ಮಗ್ಗದ ಮೇಲೆ ತಾನೇ ಕೂತು, ಇನ್ನೂ ಶಾಲೆಗೆ ಹೋಗುತ್ತಿದ್ದ ತಮ್ಮನನ್ನು ಸಾಕಿ, ಲಗ್ನ ಮಾಡಿ, ಮನೆ ನಿಲ್ಲಿಸಿದಳು. ಆಗ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಲಾಳಿಯ ಸದ್ದು ನಿಂತ ಮನೆಯಲ್ಲಿ ಊಟಕ್ಕೆ ಎದ್ದರೆಂದು ಹೊರಗೆ ಆಡುವ ನಮಗೂ ತಿಳಿಯುತ್ತಿತ್ತು. ಗಂಜಿ ಹಚ್ಚಿದ ನೂಲು, ಬಣ್ಣದ ಒಗರು, ಅತ್ತೆಯ ಎಲೆ-ಅಡಿಕೆ, ಇವೆಲ್ಲ ಸೇರಿದ ಒಂದು ವಾಸನೆ ನಮ್ಮ ಬಟ್ಟೆಗೂ ತಲೆಗೂದಲಿಗೂ ಅಂಟಿರುತ್ತಿತ್ತು. ನಿಮ್ಮ ಮನೆಗೂ ಅದರದ್ದೇ ಆದ ಒಂದು ವಾಸನೆ ಇದ್ದೀತು. ಎಲ್ಲೋ ಅಚಾನಕ್ಕಾಗಿ ಸಿಕ್ಕಿದರೆ ನೀವೂ ನನ್ನ ಹಾಗೆಯೇ ಆ ಮನೆಗೆ ಹೋಗಿಬಿಡುತ್ತೀರಿ.

ನಾನು ಏಳನೆಯ ಇಯತ್ತೆಗೆ ಬರುವ ಹೊತ್ತಿಗೆ ಓಣಿಯ ಮಗ್ಗಗಳು ಒಂದೊಂದೇ ಎದ್ದುಹೋಗಿದ್ದವು. ಅಪ್ಪನಿಗೆ ನೇಯ್ಗೆ ಹತ್ತಲಿಲ್ಲ. ಗದಗಿನ ಅಂಗಡಿಯೊಂದರಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಕಲಿತಿದ್ದ. ಕೈಗುಣ ಚೆನ್ನಾಗಿತ್ತು. ಹಿರೇಹಂದಿಗೋಳ, ಅಂತೂರ-ಬೆಂತೂರದ ರೈತರು ಬಾವಿಯ ಮೋಟಾರನ್ನು ಚಕ್ಕಡಿಯಲ್ಲಿ ಹೇರಿಕೊಂಡು ನೇರ ನಮ್ಮ ಮನೆಗೇ ಬರತೊಡಗಿದ್ದರು. ಸ್ವಂತ ಅಂಗಡಿ ಹಾಕಲು ರಸ್ತೆಗೆ ಬಾಗಿಲಿರುವ ಕೋಣೆ ಬೇಕು. ಇದ್ದದ್ದು ಮಗ್ಗದ ಕೋಣೆ ಒಂದೇ. ಆದರೆ ನಮ್ಮವರಲ್ಲಿ ನೂಲಿರುವ ಮಗ್ಗವನ್ನು ಕೀಳುವ ಪದ್ಧತಿಯಿಲ್ಲ. ಸೀರೆ ಮುಗಿದರೂ ಮಗ್ಗವನ್ನು ಬರಿದಾಗಿ ಬಿಡುತ್ತಿರಲಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಹಾಸಿನ, ಎಂದರೆ ಉದ್ದನೂಲಿನ, ಎಳೆಗಳನ್ನು ಗೇಣುದ್ದ ಹಾಗೆಯೇ ಬಿಟ್ಟು, ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆಯುತ್ತಿದ್ದರು. ಹೀಗೆ ಅಜ್ಜನ ಕಾಲದಿಂದ ಆ ಮಗ್ಗ ಒಂದು ದಿನವೂ ಖಾಲಿ ಬಿದ್ದಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮೋಟಾರುಗಳು ಮಳೆಗೆ ನೆನೆಯುತ್ತಿದ್ದವು. ಅವ್ವ ಸಿಡಿಮಿಡಿಗೊಳ್ಳುತ್ತಿದ್ದಳು, “ಒಂದ ಮಾತು ಕೇಳಾಕ ನಿಮಗೇನಾಗೇತ್ರಿ?” ಅಪ್ಪ ತಲೆ ತಗ್ಗಿಸಿ, “ನೂಲು ಇರೂತನಕ ಇರ್ಲಿ. ಆಕಿ ಉಣಿಸಿದ ಬಾಯಿಲೆ ನಾ ಹೆಂಗ ಕೇಳ್ಲಿ?” ಎನ್ನುತ್ತಿದ್ದ. ಅತ್ತೆಗೆ ಇದೆಲ್ಲ ಕೇಳಿಸದೆ ಇರುತ್ತಿತ್ತೇ? ಕಿವಿ ಚುರುಕಿತ್ತು, ಸೋತದ್ದು ಕಣ್ಣು. ಅದನ್ನೂ ಅವಳು ಒಪ್ಪುತ್ತಿರಲಿಲ್ಲ. “ನನ್ನ ಕಣ್ಣು ಚಲೋನ ಅದಾವ. ಈಗಿನ ಎಳೀನ ಸಣ್ಣ ಆಗ್ಯಾವ” ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದಳು. ಹೀಗೆ ಹೊಸೆಯುವ ಕೆಲಸ ನನ್ನ ಪಾಲಿಗೆ ಬಂತು. ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆ ಎಳೆ, ಹೊಸ ಎಳೆ ಹಿಡಿದು ತಿರುವಬೇಕು. ಸಾವಿರಾರು ಎಳೆ. ಎರಡು ದಿನ ಕೂತರೂ ಮುಗಿಯದು. ಬೆರಳ ಚರ್ಮ ಸುಲಿದು, ಊಟಕ್ಕೆ ಕೂತರೆ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆಯ ಮೇಲೆ ಜೀವ ಇಟ್ಟುಕೊಂಡಿದ್ದೆ. ಆ ಕೆಲಸದ ಮೇಲೆ ಮಾತ್ರ ಹಾಳು ಸಿಟ್ಟು.

ಆ ವರ್ಷ ಲಕ್ಷ್ಮೇಶ್ವರದ ಚಿಗವ್ವನ ಮಗಳ ಲಗ್ನ ಕೂಡಿತು. ನನಗೆ ಹಸಿರು ಲಂಗ ಹೊಲಿಸಿದ್ದರು. ಹೊರಡುವ ಹಿಂದಿನ ದಿನ ಬೆಳಿಗ್ಗೆ, ಎಷ್ಟೋ ವಾರದಿಂದ ಬಾರದಿದ್ದ ಹೊಸ ಹಾಸನ್ನು, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರ ಆಳು ತಂದು ಇಳಿಸಿದ. ಅತ್ತೆಯ ಮುಖ ಅರಳಿತು. “ಯವ್ವಾ, ನೀ ಲಗ್ನಕ್ಕ ಹೋಗಬ್ಯಾಡ. ಇಬ್ರೂ ಕೂಡಿ ಹೊಸಿಯೂಣು. ನಿನಗ ನಾ ಉಂಡಿ ಕಟ್ಟಿ ಕೊಡ್ತೀನಿ” ಎಂದಳು. ಅವಳು ಮಧ್ಯಾಹ್ನ ಊಟಕ್ಕೆ ಎದ್ದಾಗ ನಾನು ಕತ್ತರಿ ತೆಗೆದುಕೊಂಡು ಕುಣಿಗೆ ಇಳಿದೆ. ಹಣಿಗೆಯ ಎರಡೂ ಬದಿಗೆ ಕತ್ತರಿ ಆಡಿಸಿ, ನಡುವಿನ ತುಣುಕುಗಳನ್ನು ಮುಷ್ಟಿ ಮುಷ್ಟಿಯಾಗಿ ಎಳೆದು ಹಾಕಿದೆ. ಹಳೆ ಎಳೆ ಇಲ್ಲದಿದ್ದರೆ ಹೊಸೆಯುವುದು ಯಾವುದಕ್ಕೆ? ಲಗ್ನಕ್ಕೆ ಹೋಗಬಹುದು. ನನ್ನ ಲೆಕ್ಕಾಚಾರ ಅಷ್ಟೇ. ಮಗ್ಗವೇ ಹೋಗುತ್ತದೆಂದು ಹೊಳೆದಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಖರೆಯಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅಷ್ಟೂ ತಿಳಿಯದೆ ಇರುವುದಿಲ್ಲ.

ಬರಿದಾದ ಹಣಿಗೆಗೆ ಮೊದಲಿನಿಂದ ಒಂದೊಂದೇ ಎಳೆ ಪೋಣಿಸಬೇಕೆಂದರೆ ಒಳ್ಳೆಯ ಕಣ್ಣು ಬೇಕು. ಆ ಕೆಲಸ ಬಲ್ಲವರಲ್ಲಿ ಓಣಿಯಲ್ಲಿ ಉಳಿದವನು ಒಬ್ಬನೇ. ಅವನೂ ಕರೆಂಟಿನ ಮಗ್ಗದ ಶೆಡ್ಡು ಸೇರಿದ್ದ. ಅತ್ತೆ ಊಟ ಮುಗಿಸಿ, ಬೂದಿಯ ಬಟ್ಟಲು ಹಿಡಿದು ಬಂದು ಕೂತಳು. ತುದಿಗಳಿಗಾಗಿ ಕೈ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಮೇಲೆ ಕುಣಿಯೊಳಗೆ ಬಿದ್ದ ನೂಲನ್ನು ಕಾಲಿನಿಂದ ಸವರಿ ನೋಡಿ, ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಅಪ್ಪ ಹೊಸ್ತಿಲಿಗೆ ಬಂದು, “ಹಾಸು ಬಂತಂತಲ್ಲಕ್ಕಾ, ಹೊಸ್ಯಾಕ ಚಾಲೂ ಮಾಡಿದೇನು?” ಎಂದು ಕೇಳಿದ.

“ಇಲ್ಲೋ ತಮ್ಮಾ. ನಾನ ಕೊಯ್ದು ಹಾಕಿದೆ. ಸಾಕಾತು ನನಗ. ಹಾಸು ಸಾಹುಕಾರಗ ತಿರುಗಿ ಕೊಟ್ಟು ಬಾ. ಮಗ್ಗಾ ತಗಿ, ಅಂಗಡಿ ಹಾಕು.”

ಅಪ್ಪ ಅಲ್ಲೇ ಕುಸಿದು ಕೂತು ಚಿಕ್ಕ ಹುಡುಗನಂತೆ ಅತ್ತ. ನಾನು ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆ. ಹಸಿರು ಲಂಗ ಉಟ್ಟು ಹೋಳಿಗೆಯನ್ನೂ ಉಂಡೆ, ಅಯ್ಯೋ ನನ್ನ ಹೊಟ್ಟೆಯೇ. ತಿರುಗಿ ಬರುವಷ್ಟರಲ್ಲಿ ಕುಣಿ ಮುಚ್ಚಿ ಮೇಲೆ ಕಲ್ಲು ಹಾಸಿದ್ದರು. ಅಂಗಡಿ ಚೆನ್ನಾಗಿ ನಡೆಯಿತು. ನನ್ನ ಓದು, ಲಗ್ನ ಎಲ್ಲ ಅದರಲ್ಲೇ ಆಯಿತು. ಅತ್ತೆ ಆಮೇಲೂ ಬಹಳ ವರ್ಷ ಬದುಕಿದ್ದಳು, ಕಟ್ಟೆಯ ಮೇಲೆ ಕೂತು ಬೇಳೆಯ ಹರಳು ಆರಿಸುತ್ತ. ಆರಿಸಿದ ಬೇಳೆಯಲ್ಲೂ ಹರಳು ಇರುತ್ತಿದ್ದವು. ಅವ್ವ ಅವಳಿಗೆ ಗೊತ್ತಾಗದಂತೆ ಮತ್ತೆ ಆರಿಸುತ್ತಿದ್ದಳು. ನನ್ನ ಲಗ್ನದ ಮುಂಚೆ ಒಮ್ಮೆ ಧೈರ್ಯ ಮಾಡಿ, “ಅತ್ತಿ, ಅವತ್ತ ಕತ್ತರಿ ನಾ…” ಎಂದು ಬಾಯಿ ತೆರೆದೆ. ಅವಳು ನನ್ನ ಕೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. “ಎಷ್ಟು ಸುಲದಿದ್ದುವು ಇವು. ಕೂಸಿನ ಕೈ ಅನ್ನೂದು ನನ್ನ ಖಬರಿಗೇ ಬರ್ಲಿಲ್ಲ ನೋಡು. ತಪ್ಪು ನಂದ ಐತೆವ್ವಾ” ಎಂದಳು. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಈಗ ಓಣಿಯಲ್ಲಿ ಮಗ್ಗವಿಲ್ಲ, ಅತ್ತೆಯಿಲ್ಲ, ಅವ್ವನಿಲ್ಲ. ಆ ಕೋಣೆಯನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅಪ್ಪ ಮೂರು ವರ್ಷದ ಹಿಂದೆ ಹೋದ. ಅಂಗಡಿಯ ಮಾತು ಬಂದಾಗಲೆಲ್ಲ ಅವನು ಬಂದವರಿಗೆ ಹೇಳುತ್ತಿದ್ದದ್ದು ಒಂದೇ, “ನಾ ಬಾಯಿಬಿಟ್ಟು ಕೇಳೂದ್ರಾಗ ನಮ್ಮಕ್ಕ ತಾನ ಕೊಯ್ದು ಕೊಟ್ಳರಿ. ಅಂಥಾ ಅಕ್ಕ ಯಾರಿಗೂ ಸಿಗಂಗಿಲ್ಲ.” ಹಾಸಿಗೆ ಹಿಡಿದ ಕಡೆಯ ದಿನಗಳಲ್ಲೂ ಅದನ್ನೇ ಹೇಳಿ, “ಹೌದಿಲ್ಲವ್ವಾ? ನೀನೂ ಅಲ್ಲೇ ಇದ್ದೆಲಾ?” ಎಂದು ನನ್ನ ಮುಖ ನೋಡಿದ. ನಾನು ಅವನ ಕಾಲು ಒತ್ತುತ್ತ ಕೂತಿದ್ದೆ. “ಹೌದಪ್ಪಾ,” ಅಂದೆ, “ನಾನೂ ಅಲ್ಲೇ ಇದ್ದೆ.”